ಪಾರ್ಕು ಮುಚ್ಚಿತಂತೆ, ಮುಚ್ಚಲಿ ಬಿಡಿ

2024ರ ಫೆಬ್ರವರಿಯ ಒಂದು ಸಂಜೆ ನಮ್ಮ ಕ್ಯಾಂಪಿಂಗ್ ಬಳಗದ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಸುದ್ದಿ ಹಾಕಿದರು. ಅಮೆರಿಕದ ಮಿನ್ನೆಸೋಟ ರಾಜ್ಯದ ಅಪ್ಪರ್ ಸೂ ಏಜೆನ್ಸಿ ಸ್ಟೇಟ್ ಪಾರ್ಕ್ ಇನ್ನು ಮುಂದೆ ಇರುವುದಿಲ್ಲ. ಸರ್ಕಾರ ಅದನ್ನು ಮುಚ್ಚಿ, ನೆಲವನ್ನು ಅಲ್ಲಿನ ಡಕೋಟಾ ಮೂಲನಿವಾಸಿಗಳಿಗೆ ಮರಳಿಸುತ್ತಿದೆ. ಗುಂಪಿನಲ್ಲಿದ್ದವರೆಲ್ಲ ಕನ್ನಡದವರೇ. ಸಾಫ್ಟ್‌ವೇರಿನವರು, ಮೂರ್ನಾಲ್ಕು ಸಂಸಾರಗಳು, ನನ್ನಂಥ ಒಂದಿಬ್ಬರು ಪಿಎಚ್.ಡಿ. ವಿದ್ಯಾರ್ಥಿಗಳು. ಮೊದಲು ಅಳುವ ಮುಖಗಳು ಬಂದವು, ಆಮೇಲೆ ಮಾತು. "ಇಷ್ಟು ವರ್ಷ ಚೆನ್ನಾಗಿ ಕಾಪಾಡ್ಕೊಂಡು ಬಂದಿದ್ದನ್ನ ಹಾಗೇ ಎತ್ತಿ ಕೊಟ್ಟುಬಿಡೋದಾ?" ಎಂದರು ಒಬ್ಬರು. "ನೋಡ್ತಾ ಇರಿ, ಅಲ್ಲೊಂದು ಕ್ಯಾಸಿನೊ ಬರುತ್ತೆ" ಎಂದರು ಇನ್ನೊಬ್ಬರು. ನಾವೆಲ್ಲ ಅಣ್ಣ ಎಂದು ಕರೆಯುವ, ನನಗೆ ಮೊದಲ ಸಲ ಟೆಂಟು ಕಟ್ಟುವುದನ್ನು ಹೇಳಿಕೊಟ್ಟ ಹಿರಿಯರು ಮಾತ್ರ ಸ್ವಲ್ಪ ಯೋಚಿಸಿ ಬರೆದರು: "ಪಾಪ, ಅವರಿಗೆ ಅನ್ಯಾಯ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ಅದು ಎಲ್ಲರ ಜಾಗ ಅಲ್ವಾ? ಎಲ್ಲರದ್ದನ್ನ ತೆಗೆದು ಕೆಲವರಿಗೆ ಕೊಟ್ಟರೆ ಅದೂ ಅನ್ಯಾಯ ತಾನೆ?"

ಅವತ್ತು ನಾನು ಏನೂ ಬರೆಯಲಿಲ್ಲ. ಬರೆಯದಿದ್ದುದಷ್ಟೇ ಅಲ್ಲ, ಅಣ್ಣನ ಮಾತಿಗೆ ಹೆಬ್ಬೆರಳು ಒತ್ತಿದ್ದೆ. ಆ ಒತ್ತಿದ ಹೆಬ್ಬೆರಳು ಇಂದಿಗೂ ನನ್ನನ್ನು ಚುಚ್ಚುತ್ತದೆ. ಹಾಗಾಗಿ ಈ ಬರಹ ಅಣ್ಣನ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಸುತ್ತಿ ಬಳಸದೆ ಹೇಳುತ್ತೇನೆ: ಪಾರ್ಕು ಮುಚ್ಚಿದ್ದು ಸರಿ. ನಮಗೆ ಆದ ನಷ್ಟ ನಷ್ಟವೇ ಅಲ್ಲ. ಅದನ್ನು ನಷ್ಟವೆಂದು ಅಂದುಕೊಂಡೆವಲ್ಲ, ಆ ನಮ್ಮ ಮನಸ್ಸಿನ ಮೇಲೆ ನನಗೆ ಜಗಳವಿದೆ.

ಸ್ಟೇಟ್ ಪಾರ್ಕ್ ಎಂದರೆ ಏನೆಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. ಪಾರ್ಕ್ ಎಂದ ಕೂಡಲೇ ನಮಗೆ ಕಬ್ಬನ್ ಪಾರ್ಕು, ಲಾಲ್‌ಬಾಗು ನೆನಪಾಗುತ್ತವೆ. ಇವು ಅಂಥವಲ್ಲ. ಕಾಡು, ಕೆರೆ, ನದಿ ದಂಡೆ, ಹುಲ್ಲುಗಾವಲುಗಳನ್ನು ಸೇರಿಸಿ ಆಯಾ ರಾಜ್ಯ ಸರ್ಕಾರವೇ ನಡೆಸುವ ತಾಣಗಳು. ನಡೆಯಲು ಕಾಲುದಾರಿ, ರಾತ್ರಿ ಉಳಿಯಲು ನಂಬರು ಹಾಕಿದ ಜಾಗ, ಪ್ರತಿ ಜಾಗಕ್ಕೂ ಒಂದು ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಹತ್ತಿರದಲ್ಲೊಂದು ನಲ್ಲಿ, ಒಂದು ಶೌಚಾಲಯ. ಮಿನ್ನೆಸೋಟದಲ್ಲಿ ಕಾರೊಂದಕ್ಕೆ ದಿನದ ಶುಲ್ಕ ಕೊಟ್ಟರೆ ಒಳಗೆ ಬಿಡುತ್ತಾರೆ, ವಾರ್ಷಿಕ ಶುಲ್ಕ ಕೊಟ್ಟರೆ ವರ್ಷವಿಡೀ ಯಾವ ಪಾರ್ಕಿಗೆ ಬೇಕಾದರೂ ಹೋಗಬಹುದು. ಟೆಂಟು ಹಾಕುವ ಜಾಗಕ್ಕೆ ಬೇರೆ ಬಾಡಿಗೆ. 120 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ಬೇಸಿಗೆಯ ಶನಿವಾರಗಳು ನಮ್ಮ ತತ್ಕಾಲ್ ಟಿಕೆಟಿನ ಹಾಗೆ ಖಾಲಿಯಾಗುತ್ತವೆ. ಆ್ಯಶ್ ಮರಗಳನ್ನು ತಿಂದುಹಾಕುವ ಹುಳ ಹರಡುತ್ತದೆಂದು ಮನೆಯಿಂದ ಸೌದೆ ತರುವಂತಿಲ್ಲ. ರಾತ್ರಿ ಹತ್ತರ ಮೇಲೆ ಗದ್ದಲ ಮಾಡುವಂತಿಲ್ಲ. ಈ ಕೊನೆಯ ನಿಯಮವನ್ನು ನಮ್ಮ ಬಳಗ ಎಷ್ಟು ಸಲ ಮುರಿದಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಈ ವ್ಯವಸ್ಥೆಯ ಮೇಲೆ ನನಗೆ ನಿಜವಾದ ಪ್ರೀತಿಯಿದೆ. ವಿದ್ಯಾರ್ಥಿವೇತನದಲ್ಲಿ ಬದುಕುವವಳಿಗೂ ಕಾಡಿನಲ್ಲೊಂದು ರಾತ್ರಿ ಸಿಗುತ್ತದೆ. ಪಕ್ಕದ ಟೆಂಟಿನಲ್ಲಿ ಟ್ರಕ್ ಓಡಿಸುವವನೂ ಇರುತ್ತಾನೆ, ಎದುರುಗಡೆ ವೈದ್ಯರ ಸಂಸಾರವೂ ಇರುತ್ತದೆ, ಇಬ್ಬರಿಗೂ ಅದೇ ನಲ್ಲಿ. ಇದು ಸುಮ್ಮನೆ ಸಿಕ್ಕಿದ್ದೂ ಅಲ್ಲ. ಮಿಸಿಸಿಪ್ಪಿ ನದಿ ಹುಟ್ಟುವ ಇಟಾಸ್ಕ ಇಲ್ಲಿನ ಅತಿ ಹಳೆಯ ಸ್ಟೇಟ್ ಪಾರ್ಕ್, 1891ರದು. ಮರದ ಕಂಪನಿಗಳು ನದಿಗೆ ಕಟ್ಟೆ ಹಾಕಿ ದಿಮ್ಮಿ ತೇಲಿಸುತ್ತಿದ್ದ ಕಾಲದಲ್ಲಿ, 1903ರಲ್ಲಿ, ಮೇರಿ ಗಿಬ್ಸ್ ಎಂಬ 24 ವರ್ಷದ ಹೆಣ್ಣುಮಗಳು ಆ ಪಾರ್ಕಿನ ಉಸ್ತುವಾರಿಯಾಗಿದ್ದಳು. ಕಟ್ಟೆಯ ನೀರು ದಂಡೆಯ ಮರಗಳನ್ನು ಕೊಲ್ಲುತ್ತಿದೆ, ಬಾಗಿಲು ಎತ್ತಿ ಎಂದು ಹೇಳಲು ಹೋದಾಗ ಕಂಪನಿಯವರು ಬಂದೂಕು ತೋರಿಸಿ ಬೆದರಿಸಿದರು. ಅಂಥವರು ಇದ್ದುದರಿಂದ ಇವತ್ತು ಅಲ್ಲಿ ಪೈನ್ ಮರಗಳಿವೆ. ಇದನ್ನೆಲ್ಲ ಮೊದಲೇ ಹೇಳಿದ್ದೇಕೆಂದರೆ, ಮುಂದಿನದನ್ನು ಓದಿ 'ಇವಳಿಗೆ ಕಾಡಿನ ಬಗ್ಗೆ ಏನು ಗೊತ್ತು' ಎನ್ನುವವರಿಗೆ ಉತ್ತರ ಇರಲಿ ಎಂದು.

ಈಗ ಮುಚ್ಚಿದ ಪಾರ್ಕಿಗೆ ಬರುತ್ತೇನೆ.

ನನ್ನ ಸಂಶೋಧನೆ ಮಿನ್ನೆಸೋಟ ನದಿಯ ಹೂಳಿನ ಬಗ್ಗೆ. ನೀರಿನ ಸ್ಯಾಂಪಲ್ ತುಂಬಿದ ಬಾಟಲಿಗಳ ಜೊತೆ ಆ ಕಣಿವೆಯಲ್ಲಿ ಓಡಾಡುತ್ತಿದ್ದಾಗಲೇ ಆ ಪಾರ್ಕು ಕಣ್ಣಿಗೆ ಬಿದ್ದಿದ್ದು. ಗ್ರ್ಯಾನೈಟ್ ಫಾಲ್ಸ್ ಎಂಬ ಚಿಕ್ಕ ಊರಿನ ಹತ್ತಿರ, ಯೆಲ್ಲೊ ಮೆಡಿಸಿನ್ ಎಂಬ ಹೊಳೆ ಮಿನ್ನೆಸೋಟ ನದಿಯನ್ನು ಸೇರುವ ಜಾಗ. ಹೆಚ್ಚು ಜನ ಬರುವ ಪಾರ್ಕೇನಲ್ಲ. 2019ರಲ್ಲಿ ಗುಡ್ಡ ಕುಸಿದು ಅದರ ಪಕ್ಕದ ಹೆದ್ದಾರಿಯೇ ಮುರಿದುಬಿದ್ದಿತ್ತು. ಆದರೆ ಅಲ್ಲೊಂದು ಆಕರ್ಷಣೆ ಇತ್ತು: ಬಾಡಿಗೆಗೆ ಸಿಗುವ ಟೀಪಿಗಳು. ಉದ್ದ ಗಳುಗಳನ್ನು ಗೋಪುರದಂತೆ ನಿಲ್ಲಿಸಿ ಸುತ್ತ ಬಟ್ಟೆ ಸುತ್ತಿದ, ಸಿನಿಮಾಗಳಲ್ಲಿ ನೋಡಿರುತ್ತೀರಲ್ಲ, ಅದೇ ಮನೆ. 2022ರ ಬೇಸಿಗೆಯಲ್ಲಿ ಬಳಗಕ್ಕೆ ನಾನೇ ಆಸೆ ಹುಟ್ಟಿಸಿ ಕರೆದುಕೊಂಡು ಹೋದೆ. ಪುಳಿಯೋಗರೆ, ಮೊಸರನ್ನ, ಥರ್ಮಾಸಿನಲ್ಲಿ ಫಿಲ್ಟರ್ ಕಾಫಿ. ಕತ್ತಲಾದ ಮೇಲೆ ಅಂತ್ಯಾಕ್ಷರಿ. ಸೊಳ್ಳೆಗಳ ಬಗ್ಗೆ ಬರೆದರೆ ಅದೇ ಒಂದು ಲೇಖನವಾದೀತು.

ಬೆಂಕಿಯ ಸುತ್ತ ಕೂತಿದ್ದಾಗ ಏಳು ವರ್ಷದ ಹುಡುಗನೊಬ್ಬ ಅಪ್ಪನನ್ನು ಕೇಳಿದ: "ಈ ಮನೇಲಿ ಮೊದಲು ಯಾರಿದ್ರು?"

"ಇಂಡಿಯನ್ಸ್."

"ಅಂದ್ರೆ ನಾವಾ?"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅಪ್ಪ ವಿವರಿಸಲು ಹೋದ, ಅಷ್ಟರಲ್ಲಿ ಯಾರೋ ಹಾಡು ಎತ್ತಿಕೊಂಡರು. ಮಗುವಿನ ಪ್ರಶ್ನೆ ಅಲ್ಲೇ ಉಳಿಯಿತು. ಟೀಪಿ ಎಂಬುದು ಡಕೋಟಾ ಭಾಷೆಯದೇ ಮಾತು, ವಾಸಿಸು ಎಂಬ ಅರ್ಥದಿಂದ ಬಂದದ್ದು ಎಂದು ಆಮೇಲೆ ಓದಿದೆ. ಯಾರನ್ನು ಅಲ್ಲಿ ವಾಸಿಸಲು ಬಿಡಲಿಲ್ಲವೋ ಅವರ ಮನೆಯ ನಕಲಿಗೆ ನಾವು ಒಂದು ರಾತ್ರಿಯ ಬಾಡಿಗೆ ಕೊಟ್ಟು, ರಸೀದಿ ಪಡೆದು ಮಲಗಿ ಎದ್ದು ಬಂದಿದ್ದೆವು.

ಅಲ್ಲಿ ನಡೆದದ್ದು ಏನು? 1851ರಲ್ಲಿ ಎರಡು ಒಪ್ಪಂದಗಳ ಮೂಲಕ ಡಕೋಟಾಗಳು ಈಗಿನ ಮಿನ್ನೆಸೋಟದ ದಕ್ಷಿಣ ಭಾಗದ ಬಹುಪಾಲನ್ನು ಬಿಟ್ಟುಕೊಡಬೇಕಾಯಿತು. ಉಳಿದದ್ದು ನದಿಯ ಎರಡೂ ಕಡೆ ಹತ್ತು ಹತ್ತು ಮೈಲಿಯ ಪಟ್ಟಿ. 1858ರಲ್ಲಿ ಉತ್ತರ ದಂಡೆಯದೂ ಹೋಯಿತು. ಬದಲಿಗೆ ವರ್ಷಕ್ಕಿಷ್ಟು ಎಂದು ಹಣ, ದವಸ ಕೊಡುವ ಮಾತು. ಅದನ್ನು ಹಂಚಲು ಸರ್ಕಾರ ಕಟ್ಟಿದ ಕಚೇರಿಯೇ ಏಜೆನ್ಸಿ. ಪಾರ್ಕಿನ ಹೆಸರು ಬಂದದ್ದು ಅಲ್ಲಿಂದ. 1862ರ ಬೇಸಿಗೆಯಲ್ಲಿ ಹಣ ಬರಲಿಲ್ಲ. ಗೋದಾಮಿನಲ್ಲಿ ದವಸವಿತ್ತು, ಹೊರಗೆ ಜನ ಹಸಿದು ಕೂತಿದ್ದರು, ಹಣ ಬಂದ ಮೇಲೆ ಎರಡನ್ನೂ ಒಟ್ಟಿಗೇ ಕೊಡುತ್ತೇವೆಂದು ಅಧಿಕಾರಿಗಳು ಹಿಡಿದಿಟ್ಟರು. ಆಗಸ್ಟ್ ಮೊದಲ ವಾರ ಜನ ಗೋದಾಮಿಗೆ ನುಗ್ಗಿದರು. ಆಗಸ್ಟ್ 18ರಂದು, ಅದೇ ನದಿಯ ಕೆಳಭಾಗದಲ್ಲಿ, ಯುದ್ಧವೇ ಶುರುವಾಯಿತು. ಬರಬೇಕಿದ್ದ ಚಿನ್ನದ ನಾಣ್ಯಗಳು ಅವತ್ತೇ ಹತ್ತಿರದ ಕೋಟೆಗೆ ಬಂದಿಳಿದವು ಎಂಬುದು ಇತಿಹಾಸದ ಕುಹಕ. ನೂರಾರು ಬಿಳಿಯ ವಲಸಿಗರು ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅದನ್ನು ಮುಚ್ಚಿಟ್ಟು ನನಗೇನೂ ಆಗಬೇಕಿಲ್ಲ. ಯುದ್ಧ ಮುಗಿದ ಮೇಲೆ ಸೇನಾ ವಿಚಾರಣೆಯಲ್ಲಿ 303 ಜನರಿಗೆ ಮರಣದಂಡನೆ. ಅಧ್ಯಕ್ಷ ಲಿಂಕನ್ ಪಟ್ಟಿಯನ್ನು ಕಡಿಮೆ ಮಾಡಿದರು. ಡಿಸೆಂಬರ್ 26ರಂದು ಮ್ಯಾಂಕೇಟೊ ಊರಿನಲ್ಲಿ 38 ಡಕೋಟಾ ಗಂಡಸರನ್ನು ಒಂದೇ ಹಲಗೆಯ ಮೇಲೆ ನಿಲ್ಲಿಸಿ ನೇಣಿಗೆ ಹಾಕಿದರು. ಆ ದೇಶದಲ್ಲಿ ಒಂದೇ ಸಲಕ್ಕೆ ಅಷ್ಟು ಜನರನ್ನು ಗಲ್ಲಿಗೇರಿಸಿದ್ದು ಮತ್ತೆಂದೂ ಇಲ್ಲ. ಮರುವರ್ಷ ಒಪ್ಪಂದಗಳನ್ನೆಲ್ಲ ರದ್ದುಮಾಡಿ ಡಕೋಟಾಗಳನ್ನು ರಾಜ್ಯದಿಂದಲೇ ಹೊರದಬ್ಬಲು ಕಾನೂನು ಬಂತು.

ಅದೇ ಲಿಂಕನ್ 1864ರ ಜೂನ್‌ನಲ್ಲಿ ಯೊಸೆಮಿಟಿ ಕಣಿವೆಯನ್ನು ಕ್ಯಾಲಿಫೋರ್ನಿಯಾ ರಾಜ್ಯದ ಕೈಗೆ ಕೊಟ್ಟು, ಸಾರ್ವಜನಿಕರ ವಿಹಾರಕ್ಕೆ ಶಾಶ್ವತವಾಗಿ ಮೀಸಲಿಡಬೇಕು ಎಂಬ ಕಾಯ್ದೆಗೆ ಸಹಿ ಹಾಕಿದರು. ಸ್ಟೇಟ್ ಪಾರ್ಕ್ ಎಂಬ ಕಲ್ಪನೆಯ ಬೇರು ಅಲ್ಲಿದೆ. ಆ ಕಣಿವೆಯ ಜನರನ್ನು 1851ರಲ್ಲೇ ಸಶಸ್ತ್ರ ಪಡೆಯೊಂದು ಓಡಿಸಿತ್ತು. ನೇಣಿನ ಪಟ್ಟಿಗೂ ವಿಹಾರದ ಕಾಯ್ದೆಗೂ ನಡುವೆ ಒಂದೂವರೆ ವರ್ಷ. ಲಿಂಕನ್ ಕೆಟ್ಟವರೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. 'ಎಲ್ಲರ ಜಾಗ' ಎಂಬ ಮಾತು ಹುಟ್ಟಿದ ಗಳಿಗೆಯಲ್ಲೇ ಆ ಎಲ್ಲರೊಳಗೆ ಯಾರು ಇಲ್ಲ ಎಂಬುದು ತೀರ್ಮಾನವಾಗಿತ್ತು, ಅಷ್ಟೇ.

ಅಣ್ಣ, ನಮ್ಮ ಕನ್ನಡ ಸಂಸಾರಗಳು ಪ್ರತಿ ಬೇಸಿಗೆ ಪಿಕ್‌ನಿಕ್ಕಿಗೆ ಹೋಗುವ ಫೋರ್ಟ್ ಸ್ನೆಲ್ಲಿಂಗ್ ಸ್ಟೇಟ್ ಪಾರ್ಕ್ ಇದೆಯಲ್ಲ, ವಿಮಾನ ನಿಲ್ದಾಣದ ಪಕ್ಕ, ತಲೆಯ ಮೇಲೆ ಐದು ನಿಮಿಷಕ್ಕೊಂದು ವಿಮಾನ ಹೋಗುತ್ತದೆ ಎಂದು ಮಕ್ಕಳು ಕುಣಿಯುತ್ತಾರಲ್ಲ, ಅಲ್ಲೇ 1862–63ರ ಚಳಿಗಾಲದಲ್ಲಿ ಬೇಲಿ ಹಾಕಿ 1,600ಕ್ಕೂ ಹೆಚ್ಚು ಡಕೋಟಾ ಹೆಂಗಸರು, ಮಕ್ಕಳು, ಮುದುಕರನ್ನು ಕೂಡಿಹಾಕಿದ್ದರು. ಎಷ್ಟೋ ಜನ ಕಾಯಿಲೆಯಿಂದ ಅಲ್ಲೇ ಸತ್ತರು. ಎರಡು ನದಿ ಕೂಡುವ ಆ ಜಾಗ ಡಕೋಟಾಗಳಿಗೆ ತಮ್ಮ ಹುಟ್ಟಿನ ನೆಲ, ಬಡೋಟೆ ಎನ್ನುತ್ತಾರೆ. ಆ ಚಳಿಗಾಲಕ್ಕೆ ಸರಿಯಾಗಿ ನೂರು ವರ್ಷವಾದಾಗ, 1962ರಲ್ಲಿ, ಅದನ್ನು ಸ್ಟೇಟ್ ಪಾರ್ಕ್ ಮಾಡಿದರು. ಅಲ್ಲೊಂದು ಸ್ಮಾರಕವಿದೆ. ನಾವು ಬಿಸಿಬೇಳೆಬಾತಿನ ಪಾತ್ರೆ ಇಳಿಸುವ ಜಾಗದಿಂದ ನಡೆದುಹೋಗುವಷ್ಟು ದೂರ. ನಾಲ್ಕು ವರ್ಷ ನಾನು ನಡೆದುಹೋಗಿರಲಿಲ್ಲ.

ಅಪ್ಪರ್ ಸೂ ಸಮುದಾಯದವರು ಮರಳಿ ಬಂದು, ಸಣ್ಣ ತುಂಡು ನೆಲದಲ್ಲಿ ಅಧಿಕೃತವಾಗಿ ನೆಲೆ ಕಂಡುಕೊಂಡದ್ದು 1938ರಲ್ಲಿ. ಪಕ್ಕದಲ್ಲೇ ಇದ್ದ ಏಜೆನ್ಸಿಯ ನೆಲ 1963ರಲ್ಲಿ ಪಾರ್ಕಾಯಿತು. ತಮ್ಮ ಪೂರ್ವಿಕರ ಸಮಾಧಿಗಳಿರುವ ಜಾಗಕ್ಕೆ ಹೋಗಲು ತಾವೇ ಶುಲ್ಕ ಕೊಡಬೇಕಾದ ಸ್ಥಿತಿ ಅವರದಾಗಿತ್ತು. ಸಮುದಾಯದ ಅಧ್ಯಕ್ಷ ಕೆವಿನ್ ಜೆನ್ಸ್‌ವೋಲ್ಡ್ ಈ ನೆಲ ನಮಗೆ ಕೊಡಿ ಎಂದು 18 ವರ್ಷ ಕೇಳಿದರು. 2023ರಲ್ಲಿ ಶಾಸನಸಭೆ ಒಪ್ಪಿತು, 2024ರ ಫೆಬ್ರವರಿಯಲ್ಲಿ ಗೇಟು ಮುಚ್ಚಿತು, ಮಾರ್ಚ್‌ನಲ್ಲಿ ಹಸ್ತಾಂತರ. ಒಟ್ಟು ಎರಡು ಚದರ ಮೈಲಿಯಷ್ಟು ನೆಲ. ಒಪ್ಪಂದಗಳಲ್ಲಿ ಹೋದದ್ದರ ಮುಂದೆ ಇದು ಪಾಯಸದಲ್ಲಿ ಒಂದು ದ್ರಾಕ್ಷಿ. ಇದಕ್ಕೆ ನಾವು 'ಎತ್ತಿ ಕೊಟ್ಟುಬಿಟ್ಟರು' ಎಂದೆವು. ಕದ್ದ ಎಮ್ಮೆಯನ್ನು ವಾಪಸ್ ಕಟ್ಟಿದವನನ್ನು ದಾನಿ ಎನ್ನುತ್ತಾರೆಯೇ? ಅಷ್ಟು ದಿನ ಹಾಲು ಕರೆದುಕೊಂಡವರು ನಾಳೆಯಿಂದ ಕಾಫಿಗೆ ಏನು ಮಾಡುವುದೆಂದು ಕೊರಗಿದರೆ ಅದನ್ನು ನಷ್ಟದ ಲೆಕ್ಕಕ್ಕೆ ಬರೆಯಲಾಗುತ್ತದೆಯೇ?

ಕ್ಯಾಸಿನೊ ಮಾತಿಗೂ ಉತ್ತರ ಕೊಟ್ಟುಬಿಡುತ್ತೇನೆ. ಅವರು ಅಲ್ಲಿ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕೆಂಬ ಹಕ್ಕೂ ನನಗಿಲ್ಲ. ಆದರೆ ಒಂದು ವಿಷಯ ನನ್ನ ಬಾಟಲಿಗಳಿಗೆ ಗೊತ್ತು. ಮಿನ್ನೆಸೋಟದಲ್ಲಿ ಹಿಂದೆ ಇದ್ದ ಎತ್ತರದ ಹುಲ್ಲುಗಾವಲಿನಲ್ಲಿ ಈಗ ಉಳಿದಿರುವುದು ನೂರಕ್ಕೆ ಒಂದೋ ಎರಡೋ ಪಾಲು. ಉಳಿದದ್ದೆಲ್ಲ ಜೋಳ, ಸೋಯಾ. ಹೊಲದಡಿಯಲ್ಲಿ ಕೊಳವೆ ಹೂತು ಜೌಗು ನೆಲದ ನೀರನ್ನೆಲ್ಲ ಹೊಳೆಗೆ ಬಸಿಯುತ್ತಾರೆ. ಹೊಳೆ ಉಕ್ಕಿ ದಂಡೆಯ ಗುಡ್ಡಗಳನ್ನು ಕೊರೆಯುತ್ತದೆ. ಆ ಮಣ್ಣು ನದಿಯಲ್ಲಿ ಇಳಿದು ದೂರದ ಪೆಪಿನ್ ಸರೋವರವನ್ನು ತುಂಬುತ್ತಿದೆ. ನನ್ನ ಪಿಎಚ್.ಡಿ. ನಡೆಯುತ್ತಿರುವುದೇ ಈ ಹೂಳಿನ ಮೇಲೆ. ಕಣಿವೆಯನ್ನು ಹೀಗೆ ಮಾಡಿದವರು ಡಕೋಟಾಗಳಲ್ಲ. ಆದರೂ 'ಹಾಳಾಗುತ್ತದೆ' ಎಂಬ ಅನುಮಾನ ಮಾತ್ರ ಅವರ ಕಡೆಗೇ ಹೋಗುತ್ತದೆ. ಪಕ್ಕದ ಹೊಲದ ಬಿಳಿಯ ರೈತನನ್ನು ನೀನಿಲ್ಲಿ ಏನು ಬೆಳೆಯುತ್ತೀಯಪ್ಪಾ ಎಂದು ನಮ್ಮ ಗುಂಪಿನಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಎಲ್ಲ ಪಾರ್ಕುಗಳನ್ನೂ ಮುಚ್ಚಬೇಕೇ ಎಂದು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಎಲ್ಲ ಕಡೆಯೂ ಒಂದೇ ಉತ್ತರ ಇರಲಾರದು. ಎಲ್ಲೋ ನೆಲ ಮರಳಬೇಕು, ಎಲ್ಲೋ ಆಡಳಿತದಲ್ಲಿ ಪಾಲು ಬೇಕು, ಎಲ್ಲೋ ಭತ್ತದಂಥ ಕಾಡು ಧಾನ್ಯ ಕೊಯ್ಯುವ, ಮೀನು ಹಿಡಿಯುವ ಹಕ್ಕು. ಆದರೆ ತೀರ್ಮಾನ ಕ್ಯಾಂಪಿಗೆ ಬಂದವರ ಅನುಕೂಲದಿಂದ ಶುರುವಾಗಬಾರದು. ಮಿನ್ನೆಸೋಟದಲ್ಲಿ ಎಪ್ಪತ್ತರ ಹತ್ತಿರ ಸ್ಟೇಟ್ ಪಾರ್ಕುಗಳಿವೆ. ಒಂದು ಹೋಯಿತು. ನಮ್ಮ ಟೆಂಟು ಇನ್ನೊಂದು ಕಡೆ ನಿಲ್ಲುತ್ತದೆ. ಆ ಸಮಾಧಿಗಳು ಇನ್ನೊಂದು ಕಡೆ ಇಲ್ಲ.

ನನ್ನ ನಿಜವಾದ ಜಗಳ ನಮ್ಮ ಭಾಷೆಯ ಜೊತೆ. ಕನ್ನಡದಲ್ಲಿ ಅಮೆರಿಕ ಪ್ರವಾಸ ಬರಹಗಳ ದೊಡ್ಡದೊಂದು ಸಾಲೇ ಇದೆ, ಈಗ ಫೇಸ್‌ಬುಕ್ಕಿನಲ್ಲಂತೂ ವಾರಕ್ಕೊಂದು ಹುಟ್ಟುತ್ತದೆ. ಪಾರ್ಕಿನ ವಿಷಯ ಬಂದರೆ ಎರಡು ಮಾತು ತಪ್ಪುವುದಿಲ್ಲ: 'ಏನು ಸ್ವಚ್ಛತೆ, ಏನು ಶಿಸ್ತು, ನಮ್ಮಲ್ಲೂ ಹೀಗಿದ್ದಿದ್ದರೆ' ಎಂಬುದೊಂದು. 'ಮನುಷ್ಯನ ಸೋಂಕಿಲ್ಲದ ಪ್ರಕೃತಿ' ಎಂಬುದು ಇನ್ನೊಂದು. ನಾನೂ ಬರೆದಿದ್ದೇನೆ. ಇಟಾಸ್ಕಕ್ಕೆ ಮೊದಲ ಸಲ ಹೋದಾಗ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಮಿಸಿಸಿಪ್ಪಿಯನ್ನೇ ದಾಟಿದೆನೆಂದು, ಊರಿಂದ ಬಂದಿದ್ದ ಗೆಳತಿಯ ಅಮ್ಮ ತಲಕಾವೇರಿ ನೆನೆದು ಆ ನೀರನ್ನೇ ತಲೆಗೆ ಚಿಮುಕಿಸಿಕೊಂಡರೆಂದು, ಸುತ್ತ ಮನುಷ್ಯರ ಕೈ ತಾಕದ ಕಾಡೆಂದು. ಆಮೇಲೆ ತಿಳಿದದ್ದು: 1832ರಲ್ಲಿ ಸ್ಕೂಲ್‌ಕ್ರಾಫ್ಟ್ ಎಂಬಾತ ನದಿಯ ಮೂಲವನ್ನು 'ಕಂಡುಹಿಡಿದ'ನಲ್ಲ, ಅವನನ್ನು ಅಲ್ಲಿಗೆ ಕರೆದೊಯ್ದದ್ದು ಒಜಾವಿಂಡಿಬ್ ಎಂಬ ಒಜಿಬ್ವೆ ಮಾರ್ಗದರ್ಶಿ. ಅವರ ಭಾಷೆಯಲ್ಲಿ ಆ ಕೆರೆಗೆ ಎಲ್ಕ್ ಜಿಂಕೆಯ ಹೆಸರಿತ್ತು. ಸ್ಕೂಲ್‌ಕ್ರಾಫ್ಟ್ ಎರಡು ಲ್ಯಾಟಿನ್ ಪದಗಳ ತಲೆಬಾಲ ಕತ್ತರಿಸಿ ಇಟಾಸ್ಕ ಎಂದು ಹೊಸ ಹೆಸರು ಹೊಲಿದ. ಓದುಗರು ಅದನ್ನು ಸ್ಥಳೀಯ ಹೆಸರೆಂದೇ ಭಾವಿಸುತ್ತಾರೆ. ನಾನೂ ಭಾವಿಸಿದ್ದೆ.

ಇನ್ನು ಕೈ ತಾಕದ ಕಾಡು. ಇಟಾಸ್ಕದ ಮುದಿ ಕೆಂಪು ಪೈನ್‌ಗಳು ಹಳೆಯ ಬೆಂಕಿಗಳ ಮಕ್ಕಳು. ನೆಲದ ತರಗು ಸುಟ್ಟು ಮಣ್ಣು ಬಯಲಾದರೆ ಆ ಮರದ ಬೀಜ ಚೆನ್ನಾಗಿ ಹುಟ್ಟುತ್ತದೆ. ಪಾರ್ಕು ಮಾಡಿ ಬೆಂಕಿಯನ್ನು ತಡೆದ ಮೇಲೆ ಎಳೆಯ ಪೈನ್‌ಗಳು ಅಪರೂಪವಾದವು. ಈಗ ಇಲಾಖೆಯವರೇ ದಿನ ನೋಡಿ ಬೆಂಕಿ ಇಡುತ್ತಾರೆ. ಮೂಲನಿವಾಸಿಗಳು ಈ ಸೀಮೆಯಲ್ಲಿ ನೆಲಕ್ಕೆ ಬೆಂಕಿ ಹಾಕುತ್ತಿದ್ದರು ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಎಂದು ಹೇಳುತ್ತಾ ಬಂದಿರುವುದೂ ಇದನ್ನೇ. ಬೆಂಕಿ ನಿಂತ ಮೇಲೆ ಲಂಟಾನ ಏರಿತು ಎನ್ನುತ್ತಾರೆ ಅವರು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ಸಿಕ್ಕವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ಸಿಕ್ಕದ್ದು ದೇಶದಲ್ಲೇ ಮೊದಲು. ಬೆಟ್ಟದಲ್ಲಿ ಸೋಲಿಗರೂ ಇದ್ದಾರೆ, ಹುಲಿಯೂ ಇದೆ.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಹಿತವಾಗಿರುತ್ತಿತ್ತು. ಅಮೆರಿಕದ ಬಿಳಿಯರ ಪಾಪವನ್ನು ಕನ್ನಡದಲ್ಲಿ ಬರೆಯುವುದರಲ್ಲಿ ನಮಗೆ ಖರ್ಚೇನೂ ಇಲ್ಲ. ಆದರೆ ನಾನು ಹುಣಸೂರು ತಾಲ್ಲೂಕಿನವಳು. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ನಾಗರಹೊಳೆ ಕಾಡಿನ ಗೆರೆ ಕಾಣುತ್ತದೆ.

ನಮ್ಮದು ಹೊಗೆಸೊಪ್ಪಿನ ಮನೆ. ಸೊಪ್ಪು ಮುರಿಯುವ ಕಾಲಕ್ಕೆ ಹಾಡಿಯಿಂದ ಜೇನುಕುರುಬರು ಕೆಲಸಕ್ಕೆ ಬರುತ್ತಿದ್ದರು. ಬ್ಯಾರನ್ ಮುಂದೆ ಸಾಲಾಗಿ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದರು. ಅವರಲ್ಲೊಬ್ಬರು ಅಜ್ಜಿ ನಮ್ಮ ತಾತನಿಗಿಂತ ಹಿರಿಯರು. ನಾವು ಮಕ್ಕಳು ಕೂಡ ಅವರನ್ನು 'ಬಾ, ಹೋಗು' ಎಂದೇ ಮಾತಾಡಿಸುತ್ತಿದ್ದೆವು. ತಪ್ಪೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಊಟದ ತಟ್ಟೆ ಬೇರೆ, ಲೋಟ ಬೇರೆ. ಕಾಡಿನ ಕಡೆ ಕೈ ತೋರಿಸಿ "ನಮ್ಮೂರು ಒಳಗಿತ್ತು" ಎನ್ನುತ್ತಿದ್ದರು. ಕಾಡೊಳಗೆ ಊರೆಲ್ಲಿ ಇರುತ್ತದೆ ಎಂದು ನಾವು ನಗುತ್ತಿದ್ದೆವು. ಟೀಪಿಯ ಮುಂದೆ ಬೆಂಕಿ ಹಾಕಿಕೊಂಡು ನಕ್ಕೆವಲ್ಲ, ಆ ನಗುವನ್ನು ನಾನು ಕಲಿತದ್ದು ಬ್ಯಾರನ್ ಮುಂದೆ.

1972ರ ವನ್ಯಜೀವಿ ಕಾಯ್ದೆಯ ನಂತರದ ದಶಕಗಳಲ್ಲಿ ನಾಗರಹೊಳೆಯ ಹಾಡಿಗಳನ್ನು ಖಾಲಿ ಮಾಡಿಸುತ್ತಾ ಹೋದರು. ಹೈಕೋರ್ಟಿನ ಪ್ರಕರಣದಲ್ಲಿ ರಚನೆಯಾದ, ಪ್ರೊ. ಮುಜಾಫರ್ ಅಸಾದಿ ನೇತೃತ್ವದ ಸಮಿತಿ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಲೆಕ್ಕ ಕೊಟ್ಟಿತು. ಎಷ್ಟೋ ಮಂದಿ ಕೊಡಗಿನ ಕಾಫಿ ತೋಟದ ಲೈನ್‌ಮನೆಗಳಿಗೆ ಹೋದರು, ಕೆಲವರು ನಮ್ಮಂಥವರ ಹೊಲಕ್ಕೆ ಬಂದರು. ಜನರಿಗೆ ಬೇಡವೆಂದ ಆ ಕಾಡೊಳಗೆ ದೊಡ್ಡ ಹೋಟೆಲ್ ಕಂಪನಿಯೊಂದರ ರೆಸಾರ್ಟ್ ಏಳುತ್ತಿತ್ತು ಎಂಬುದು ಮರೆಯುವ ಮಾತಲ್ಲ. ಆದಿವಾಸಿಗಳು ಹೋರಾಡಿ, 1997ರಲ್ಲಿ ಹೈಕೋರ್ಟು ಅದನ್ನು ನಿಲ್ಲಿಸಿತು. ಸಫಾರಿ ವ್ಯಾನು ಆಮೇಲೂ ಒಳಗೆ ಹೋಗುತ್ತಿತ್ತು. ನಾನೂ ಹೋಗಿದ್ದೇನೆ, ಜಿಂಕೆ ಕಂಡು ಚೀರಿದ್ದೇನೆ.

2024ರ ಜನವರಿಯಲ್ಲಿ ಕುಮಾರಪರ್ವತದ ಮೇಲೆ ಸಾವಿರಾರು ಜನರ ಜಾತ್ರೆ ನೆರೆದು, ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಿದಾಗ ಬೆಂಗಳೂರಿನ ನನ್ನ ಗೆಳೆಯರು 'ನಮ್ಮ ಕಾಡು, ನಮ್ಮ ಹಕ್ಕು' ಎಂದು ಸಿಟ್ಟಾಗಿದ್ದರು. ವಾರಾಂತ್ಯಕ್ಕೆ ಹೋಗಿ ಬರುವವರಿಗೆ ಹಕ್ಕಿನ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ.

2025ರ ಮೇ ತಿಂಗಳಲ್ಲಿ ಜೇನುಕುರುಬರ ಐವತ್ತರ ಆಸುಪಾಸು ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ನಡೆದು ಹೋಗಿ, ತಮ್ಮ ಹಳೆಯ ಊರಿನ ಜಾಗದಲ್ಲಿ ಗುಡಿಸಲು ಹಾಕಿದರು. ಅರಣ್ಯ ಹಕ್ಕಿನ ಅರ್ಜಿ ಫಲಿಸದೆ, ಕಾದು ಸಾಕಾಗಿ. ಡಕೋಟಾಗಳಿಗೆ ಸಿಕ್ಕ ಹಾಗೆ ಇವರಿಗೆ ಶಾಸನಸಭೆಯ ತೀರ್ಮಾನವಾಗಲಿ, ಹಸ್ತಾಂತರದ ದಿನಾಂಕವಾಗಲಿ ಇರಲಿಲ್ಲ. ಹೊರಗಿಟ್ಟಿದ್ದ ಇಲಾಖೆಯ ಎದುರಿಗೇ ಹೋಗಿ ಕೂತರು. ನಾನು ಇಲ್ಲಿ ಆ ಚಿತ್ರಗಳನ್ನು ನೋಡುತ್ತಾ ಮುಖಗಳಲ್ಲಿ ಆ ಅಜ್ಜಿಯನ್ನು ಹುಡುಕಿದೆ. ಅವರ ಹೆಸರೇ ನನಗೆ ಗೊತ್ತಿಲ್ಲ ಎಂದು ಆಗ ಹೊಳೆಯಿತು.

ಅದೇ ವಾರ ಅಮ್ಮನಿಗೆ ಫೋನ್ ಮಾಡಿದ್ದೆ. ಹೊಗೆಸೊಪ್ಪಿನ ಸಸಿ ನೆಡುವ ಹೊತ್ತು. "ಕಾಡೊಳಿಕ್ಕೆ ಹೋಗಿ ಗುಡ್ಲು ಹಾಕ್ಕಂಡವ್ರಂತೆ ಕಣವ್ವ" ಎಂದಳು. "ನಮ್ ಕಡೆ ಹಾಡಿಯೋರೂ ಅತ್ಲಾಗೇ ಹೊಂಟವ್ರೆ ಅಂತಾರೆ. ಈಗ ಸಸಿ ನೆಡಕ್ಕೆ ಆಳ್ ಎಲ್ಲಿಂದ ತರದು?"

ವಾಟ್ಸಾಪ್ ಗುಂಪಿನಲ್ಲಿ ಅಳುವ ಮುಖ ಹಾಕಿದವರ ಮಾತೂ ಇದೇ, ನನ್ನ ತಾಯಿಯ ಮಾತೂ ಇದೇ. ಈ ಸಲ ಹೆಬ್ಬೆರಳು ಒತ್ತಲು ಜಾಗವಿರಲಿಲ್ಲ.

"ಹೋಗ್ಲಿ ಬಿಡಮ್ಮ, ಅವರ ಊರಿಗೆ ಅವರು ಹೋದರು" ಎಂದೆ. "ಸಸಿ ನಾವೇ ನೆಡೋಣ."

"ನೀನು ಅಲ್ ಕುಂತ್ಕಂಡು ಹೇಳ್ತೀಯ" ಎಂದು ಅಮ್ಮ ಫೋನಿಟ್ಟಳು.